ಮೂವತ್ತೇಳನ್ನು ದಾಟುವಾಗ

ಹಾಸನದ ಈ ಡೇರಿಗೆ ನಾನು ಸೇರಿದ ದಿನದಿಂದ
ತಣ್ಣೀರಿನ ಮೂರನೇ ಪಂಪು ಒಂದೇ ಸ್ವರದಲ್ಲಿ ಕಿರುಚುತ್ತಿತ್ತು.
ಹಾಲು ಬರಲಿ, ಬಾರದಿರಲಿ,
ಮಾಗಿಯ ಚಳಿಗೆ ತಗಡಿನ ಸೂರು ಮಂಜಲ್ಲಿ ನೆನೆಯಲಿ,
ಅದಕ್ಕೆ ಗೊತ್ತಿದ್ದ ಅಂಕಿ ಒಂದೇ, ಐವತ್ತು.
ನೀರು ಹೆಚ್ಚಾದರೆ ನಾನು ವಾಲ್ವು ತಿರುಪಿ
ಅದರ ಕತ್ತು ಹಿಸುಕುತ್ತಿದ್ದೆ,
ಎತ್ತಿಗೆ ಬಾರುಕೋಲಿಂದ ಬಾರಿಸುತ್ತಲೇ
ಮೂಗುದಾರ ಹಿಂದಕ್ಕೆ ಜಗ್ಗಿದ ಹಾಗೆ.
ಇಪ್ಪತ್ತೆರಡು ವರ್ಷ ಅದನ್ನೇ ಕೆಲಸ ಅಂದುಕೊಂಡಿದ್ದೆ.

ಗ್ಲ್ಯಾಡಿಸ್ ಮೇಡಂ ಬಂದದ್ದು ಕಾರ್ತಿಕದಲ್ಲಿ.
ಸಕಲೇಶಪುರದವರು, ಮಾತು ಕಡಿಮೆ.
ಗೋಡೆಗೆ ಬೂದು ಬಣ್ಣದ ಪೆಟ್ಟಿಗೆ ಕೂರಿಸಿ
"ವಾಲ್ವು ಪೂರ್ತಿ ತೆಗೀರಿ ಕಾಳಿಂಗಯ್ಯ" ಅಂದರು.
ಕೈ ಬರಲಿಲ್ಲ ನನಗೆ.
ತುಕ್ಕು ಹಿಡಿದದ್ದು ವಾಲ್ವಿನ ಚಕ್ರವೋ
ನನ್ನ ಮಣಿಕಟ್ಟೋ.

"ವೇಗ ಅರ್ಧಕ್ಕಿಳಿದರೆ ಕರೆಂಟು ಎಷ್ಟು ತಿನ್ನುತ್ತೆ ಹೇಳಿ?"
ಸೇರಿಗೆ ಅಚ್ಛೇರು, ಅಂದೆ. ಹಾಲಳೆಯುವವನ ಲೆಕ್ಕ.
ಅಲ್ಲ, ಅರೆಪಾವು, ಅಂದರು.
ಅರೆಪಾವು!
ಆ ರಾತ್ರಿ ಮಲಗಿ, ಮಿಕ್ಕ ಮೂರೂವರೆ ಪಾವನ್ನು
ಇಪ್ಪತ್ತೆರಡು ವರ್ಷಕ್ಕೆ ಗುಣಿಸುತ್ತ ಹೋದೆ.
ಸೊನ್ನೆ ಜಾಸ್ತಿಯಾಗಿ ನಿದ್ದೆ ಹತ್ತಿತು.

ಅಜ್ಜ ನೀರುಗಂಟಿ, ಶಾಂತಿಗ್ರಾಮದಾಚೆ ಒಂದು ಕೆರೆಗೆ.
ತೂಬೆತ್ತಿ, ಕಾಲುವೆಗುಂಟ ನಡೆದು,
ಕೊನೆಯ ಗದ್ದೆಯಲ್ಲಿ ಪಾದ ಮುಳುಗಿತೇ ನೋಡಿ
ಅಷ್ಟೇ ದೂರ ವಾಪಸು ಬಂದು ತೂಬಿಳಿಸುತ್ತಿದ್ದ.
ಈಗ ಪೈಪಿನ ತುದಿಯಲ್ಲಿ, ಕೊನೆಯ ಕೂಲರಿನ ಹತ್ತಿರ,
ಹೆಬ್ಬೆರಳು ಗಾತ್ರದ ಸೆನ್ಸರೊಂದು
ಪಾದ ಅದ್ದಿಕೊಂಡು ನಿಂತಿದೆ.
ಅದು ಸಾಕೆಂದರೆ ಇಲ್ಲಿ ಮೋಟಾರು ಮೆಲ್ಲಗಾಗುತ್ತೆ.
ಅಜ್ಜನಿಗೆ ಸುಗ್ಗಿಯಲ್ಲಿ ಗದ್ದೆಗೊಂದು ಕಂತೆ ಸಿಗುತ್ತಿತ್ತು.
ಇದು ಕೇಳುವುದಿಲ್ಲ.

ಎಲ್ಲ ಸರಿ, ಮೂವತ್ತೇಳಕ್ಕೆ ಬಂದಾಗ ಮಾತ್ರ
ಪೈಪಿಗೆ ಪೈಪೇ ಚಳಿಜ್ವರದಂತೆ ನಡುಗಿತು.
ಮೇಡಂ ಲ್ಯಾಪ್‌ಟಾಪಿಗೆ ಅದು ಗೊತ್ತಾಗಲಿಲ್ಲ.
ನನ್ನ ಕಿವಿ ಯಾವತ್ತೋ ಹೋಗಿದೆ, ಈ ಪಂಪೇ ತಿಂದದ್ದು.
ಹೇಳಿದ್ದು ಅಂಗೈ.
ಐದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸಿದೆ.
ಮೂವತ್ತೈದರಲ್ಲಿ ನಿಂತಿತು. ನಲವತ್ತರಲ್ಲೂ ನಿಂತಿತು.
ಮೂವತ್ತೇಳರಲ್ಲಿ ಉರುಳಿ ಚರಂಡಿ ಸೇರಿತು.
ಮೇಡಂ ಏನೋ ಒತ್ತಿದರು.
"ಇನ್ನು ಅಲ್ಲಿ ನಿಲ್ಲಲ್ಲ, ದಾಟಿಬಿಡುತ್ತೆ."
ಆಮೇಲೆ ಪರ್ಸಿನಿಂದ ಐದು ರೂಪಾಯಿ ತೆಗೆದು ಕೊಟ್ಟರು.

ನನಗೂ ಒಂದು ಮೂವತ್ತೇಳು ಇತ್ತು.
ಯಾರೂ ಏನೂ ಒತ್ತಲಿಲ್ಲ.
ಹನ್ನೊಂದು ತಿಂಗಳು ಅಲ್ಲೇ ನಿಂತು ನಡುಗಿದೆ.
ಅದರ ಮಾತು ಇಲ್ಲಿ ಬೇಡ.

ಪಂಪು ಸುಮ್ಮನಾದರೂ ನಾನು ಸುಮ್ಮನಾಗಲಿಲ್ಲ.
"ಪಕ್ಕದಲ್ಲೇ ಇದೀನಲ್ಲ, ಯಾಕೆ ಹಂಗೆ ಕೂಗ್ತೀರಿ"
ಅನ್ನುತ್ತಾಳೆ ಕೆಂಪನಂಜಿ, ಅನ್ನ ಬಡಿಸುತ್ತ.
ಗಂಟಲಿಗೆ ಡ್ರೈವು ಕೂರಿಸುವವರು ಇನ್ನೂ ಬಂದಿಲ್ಲ.

ಈಗ ರಾತ್ರಿ ಮೂರು. ಪೆಟ್ಟಿಗೆಯಲ್ಲಿ ಇಪ್ಪತ್ತೆಂಟು.
ಹೊಳೆನರಸೀಪುರದ ಹಾಲು ಆಗಲೇ ತಣ್ಣಗೆ ಮಲಗಿದೆ.
ಅರಕಲಗೂಡಿನ ಟ್ಯಾಂಕರು ತಡ, ದಾರಿಯಲ್ಲಿ ಪಂಕ್ಚರಂತೆ.
ಸ್ಟೂಲಿನ ಮೇಲೆ ಕೂತು ಕೆಂಪು ಅಂಕಿ ನೋಡುತ್ತೇನೆ.
ಇಪ್ಪತ್ತೆಂಟು.
ಇಪ್ಪತ್ತೆಂಟು.
ಮೂವತ್ತು. ಮೂವತ್ಮೂರು. ಮೂವತ್ತೈದು.
ಪಂಪಿನ ಬೆನ್ನ ಮೇಲೆ ಕೈ ಇಟ್ಟೆ.
ಮೂವತ್ತೊಂಬತ್ತು.

ಗೇಟು ಇಲ್ಲಿಂದ ಕಾಣುವುದಿಲ್ಲ.
ಲಾಗ್ ಬುಕ್ಕಿನಲ್ಲಿ ಟೈಮು ಬರೆದು,
ಡ್ರೈವರನ್ನೂ ಲೆಕ್ಕ ಹಿಡಿದು,
ಟೀಗೆ ನೀರಿಟ್ಟೆ.